ಅರ್ಧ ಅಚ್ಚು

ನಮ್ಮದು ಗೊರೂರಿನ ನೀರಾವರಿ ಕ್ವಾರ್ಟರ್ಸಿನ ಮನೆ. ಗೋಡೆಗೆ ಒಂದು ಮೊಳೆ ಹೊಡೆದರೆ ಅಂಗೈಯಗಲ ಗಾರೆ ಕಿತ್ತು ಬರುತ್ತದೆ. ಹಾಗಾಗಿ ಮನೆ ಅಲಂಕಾರದ ನನ್ನ ಹುಚ್ಚೆಲ್ಲ ಮೊಳೆಯಿಲ್ಲದೆ ನಡೆಯಬೇಕು. ಹಳೇ ಸೀರೆ ಕತ್ತರಿಸಿ ಕಿಟಕಿಗೆ ಪರದೆ, ಉಲ್ಲನ್ ದಾರದ ಬಾಗಿಲ ತೋರಣ, ತೆಂಗಿನ ಚಿಪ್ಪು ಉಜ್ಜಿ ಹೊಳಪು ಬರಿಸಿ ಪೆನ್ನಿಡುವ ಬಟ್ಟಲು. ನನ್ನ ಗಂಡ ಇದಕ್ಕೆಲ್ಲ ಗುಜರಿ ಅಂಗಡಿ ಎಂದು ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ಯಾವ ವಸ್ತು ಕಂಡರೂ ಇದು ಮೊದಲು ಏನಾಗಿತ್ತು, ಮುಂದೆ ಏನಾಗಬಹುದು ಎಂದು ಕೆದಕದೆ ಬಿಡಲಾರೆ.

ನಮ್ಮ ಅತ್ತೆಯ ಸಕ್ಕರೆ ಅಚ್ಚಿನ ಪೆಟ್ಟಿಗೆಗೆ ಕೈ ಹಾಕಿದ್ದೂ ಈ ಬುದ್ಧಿಯಿಂದಲೇ. ಅತ್ತೆಯ ತವರು ಬಾಗೂರು. ಅವರ ಅವ್ವನಿಂದ ಬಂದ ಮರದ ಅಚ್ಚುಗಳು ಅವು. ಒಂದೊಂದು ಅಚ್ಚಿಗೂ ಎರಡೆರಡು ಹಲಗೆ. ಸಂಕ್ರಾಂತಿಗೆ ಎರಡು ದಿನ ಮುಂಚೆ ಅವನ್ನು ನೀರಿಗೆ ಹಾಕಬೇಕು, ಇಲ್ಲದಿದ್ದರೆ ಸಕ್ಕರೆ ಮರಕ್ಕೆ ಕಚ್ಚಿಕೊಳ್ಳುತ್ತದೆ. ಆಮೇಲೆ ಹಲಗೆಗಳನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಬಿಗಿದು, ಹಾಲು ಹಾಕಿ ಕೊಳೆ ತೆಗೆದ ಪಾಕವನ್ನು ಬೆಳ್ಳಗಾಗುವವರೆಗೆ ತಿರುವಿ, ಗಟ್ಟಿಯಾಗುವ ಮೊದಲೇ ಸುರಿಯಬೇಕು. ಬಿಡಿಸಿದರೆ ಆನೆ, ಗಿಳಿ, ತುಳಸಿಕಟ್ಟೆ, ಗೋಪುರ. ಇಷ್ಟು ಅಗ್ಗದಲ್ಲಿ ಇಷ್ಟು ಚೆಂದದ್ದನ್ನು ನಾನಂತೂ ಬೇರೆ ಕಂಡಿಲ್ಲ.

ಆ ಪೆಟ್ಟಿಗೆಯಲ್ಲಿ ಒಂದೇ ಒಂದು ಒಂಟಿ ಹಲಗೆ ಇತ್ತು. ಅತ್ತೆ ಅದನ್ನು ಒಂದು ಚಪ್ಪಟೆ ಮಣೆಗೆ ಕಟ್ಟಿ ಪಾಕ ಸುರಿಯುತ್ತಿದ್ದರು. ಬರುತ್ತಿದ್ದದ್ದು ಒಂದು ಕಡೆ ಕೆತ್ತನೆ, ಇನ್ನೊಂದು ಕಡೆ ಬೋಳು ಇರುವ ಅರ್ಧ ಗೊಂಬೆ. ಅದರ ಮೇಲೆ ಉದ್ದಕ್ಕೆ ಗಂಟುಗಂಟಾಗಿ ಇಳಿದ ಒಂದು ಗೆರೆ, ಪಕ್ಕದಲ್ಲಿ ಒಂದು ಸಣ್ಣ ಉಬ್ಬು. ಮುಸುಕಿನ ಜೋಳ ಅಂದರು ಗಂಡ. ಪಕ್ಕದ ಮನೆಯವರು ಹಾವು ಅಂದರು. ಎಳೇ ಹಲಸಿನಕಾಯಿ ಇರಬಹುದೆಂದು ನನ್ನ ಊಹೆ. ಅತ್ತೆಯನ್ನು ಕೇಳಿದರೆ, "ಅದು ಅಂಗೇ ಕಣವ್ವ, ನಿಂಗ್ಯಾಕೆ? ಪಾಕ ತಿರುವು," ಎಂದು ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ಪ್ರತಿ ವರ್ಷ ಮೊದಲು ಮಾಡುತ್ತಿದ್ದದ್ದು ಅದನ್ನೇ. ದೇವರ ಮುಂದೆ ಇಟ್ಟು ತೆಗೆದು ಡಬ್ಬಿಯಲ್ಲಿ ಮುಚ್ಚಿಡುತ್ತಿದ್ದರು. ಯಾರಿಗೂ ಬೀರುತ್ತಿರಲಿಲ್ಲ. ಮದುವೆಯಾಗಿ ಬಂದ ಮೇಲೆ ಐದು ವರ್ಷ ನನ್ನ ತಲೆಯಲ್ಲಿ ಈ ಹುಳ ಕೊರೆಯಿತು.

ಆರನೇ ವರ್ಷ ಹಬ್ಬ ಕಳೆದ ವಾರ ನನಗೆ ಅರಕಲಗೂಡಿನಲ್ಲಿ ಮೇಷ್ಟರುಗಳ ತರಬೇತಿ ಬಿತ್ತು. ಅಲ್ಲಿ ಅತ್ತೆಯ ತಂಗಿ ಇದ್ದಾರೆ, ನನಗೆ ಚಿಕ್ಕತ್ತೆ. ಅಕ್ಕತಂಗಿಯರಿಗೆ ಮಾತಿಲ್ಲ ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಮದುವೆಮನೆಗಳಲ್ಲಿ ಒಬ್ಬರು ಈ ಪಂಕ್ತಿಯಲ್ಲಿ ಕೂತರೆ ಇನ್ನೊಬ್ಬರು ಆ ಪಂಕ್ತಿಗೆ ಹೋಗುತ್ತಿದ್ದರು. "ಸುಮ್ನೆ ತರಬೇತಿ ಮುಗಿಸ್ಕೊಂಡು ಬಾ, ಅವ್ವನ್ನ ಕೆಣಕಬೇಡ," ಅಂದರು ಗಂಡ. ರಥಸಪ್ತಮಿವರೆಗೂ ಎಳ್ಳು ಬೀರಬಹುದಲ್ಲ, ನೆಂಟರ ಊರಿಗೆ ಬರಿಗೈಲಿ ಹೇಗೆ ಹೋಗುವುದು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ರವಿಕೆ ಬಟ್ಟೆಯಲ್ಲಿ ಹೊಲಿದ ಪುಟ್ಟ ಚೀಲಕ್ಕೆ ಎಳ್ಳು, ಬೆಲ್ಲ, ಕೊಬ್ಬರಿ ಚೂರು ತುಂಬಿದೆ. ಅತ್ತೆಗೆ ಹೇಳದೆ ಡಬ್ಬಿಯಿಂದ ಆ ಅರ್ಧ ಗೊಂಬೆಯನ್ನೂ ತೆಗೆದು, ಮುರಿಯದ ಹಾಗೆ ಎಳ್ಳಿನ ನಡುವೆ ಹುದುಗಿಸಿದೆ. ವಯಸ್ಸಾದವರು, ಇದೇನೆಂದು ಹೇಳಿಯಾರು ಎಂಬ ಆಸೆ. ಕದ್ದದ್ದು ಕದ್ದದ್ದೇ, ಇಲ್ಲ ಅನ್ನುವುದಿಲ್ಲ.

ಚಿಕ್ಕತ್ತೆ ಕಾಫಿ ಕೊಟ್ಟು ಚೀಲ ಬಿಚ್ಚಿದರು. ಗೊಂಬೆ ಕೈಗೆ ಸಿಕ್ಕಿದ್ದೇ ತಡ, ಎದ್ದು ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬಿ ತಂದರು. ಅದರೊಳಗೂ ಒಂದು ಅರ್ಧ ಗೊಂಬೆ! ಅದಕ್ಕೆ ಮುಖವಿತ್ತು. ಕುಂಕುಮವಿತ್ತು. ಸೊಂಟದ ಮೇಲೆ ಒಂದು ಮಗುವಿತ್ತು. ಎರಡನ್ನೂ ಬೆನ್ನಿಗೆ ಬೆನ್ನು ಜೋಡಿಸಿ ತಿರುಗಿಸಿದೆ. ನನ್ನ ಹಲಸಿನಕಾಯಿ ಜಡೆಯಾಯಿತು, ಪಕ್ಕದ ಉಬ್ಬು ಮಗುವಿನ ಪುಟ್ಟ ಪಾದವಾಯಿತು.

"ತಾಯಿ, ಮಗು!" ಎಂದೆ.

"ತಾಯಿ ಅಲ್ಲ ಕಣವ್ವ," ಅಂದರು ಚಿಕ್ಕತ್ತೆ. "ಅವ್ವ ಒಲಕ್ಕೆ ಓಗ್ಬುಡೋದು. ನನ್ನ ಸೊಂಟದಿಂದ ಇಳಿಸ್ದಂಗೆ ಬಾಗೂರೆಲ್ಲಾ ಎತ್ಕಂಡು ತಿರುಗಿದ್ದು ನಮ್ಮಕ್ಕ. ಈ ಅಚ್ಚು ತೋರ್ಸಿ, ಇವ್ಳು ದೊಡ್ಡೋಳು, ಇವ್ಳು ಚಿಕ್ಕೋಳು ಅಂತಿತ್ತು ಅವ್ವ."

ಅವ್ವ ತೀರಿಕೊಂಡ ಮೇಲೆ ಅಚ್ಚುಗಳನ್ನು ಹಂಚುವಾಗ ಮಿಕ್ಕವೆಲ್ಲ ಸರಿಯಾಗಿ ಹಂಚಿಹೋದವಂತೆ. ಕೊನೆಗೆ ಉಳಿದದ್ದು ಇದು. ನನಗೆ ಬೇಕು ಅಂದರು ಅಕ್ಕ, ನನಗೇ ಬೇಕು ಅಂದರು ತಂಗಿ. ಮಾತಿಗೆ ಮಾತು ಬೆಳೆಯಿತು. ಅವರ ಅಣ್ಣ ರೇಗಿ, "ಸಮಪಾಲು ಅಂದ್ರೆ ಸಮಪಾಲು, ತಗಳಿ," ಎಂದು ಒಬ್ಬರಿಗೆ ಒಂದು ಹಲಗೆ, ಇನ್ನೊಬ್ಬರಿಗೆ ಒಂದು ಹಲಗೆ ಕೊಟ್ಟುಬಿಟ್ಟರಂತೆ. ಮೂವರಲ್ಲಿ ಒಬ್ಬರಿಗೂ ಇದು ಹುಚ್ಚಾಟ ಎಂದು ಆಗ ಅನ್ನಿಸಲಿಲ್ಲವೇ? ನಾನು ಕೇಳಿಯೇಬಿಟ್ಟೆ. "ಅನ್ನುಸ್ತು, ಮನೆಗೆ ಬಂದ್ಮೇಲೆ," ಅಂದರು ಚಿಕ್ಕತ್ತೆ. "ಅಷ್ಟೊತ್ಗೆ ಅವ್ಳೇ ಬರ್ಲಿ ಅಂತ ನಾನು. ನಾನೇ ಓಗ್ಲಿ ಅಂತ ಅವ್ಳು. ಇಪ್ಪತ್ತು ವರ್ಸ ಆಗೋಯ್ತು."

ಹೊರಡುವಾಗ ನಾನು ತಂದ ಅರ್ಧದ ಜೊತೆಗೆ ತಮ್ಮ ಅರ್ಧ ಗೊಂಬೆಯನ್ನೂ ನನ್ನ ಚೀಲಕ್ಕೆ ಹಾಕಿದರು. ಏನನ್ನೂ ಹೇಳಿ ಕಳಿಸಲಿಲ್ಲ.

ನಿಜ ಹೇಳುತ್ತೇನೆ, ಬಸ್ಸಿನಲ್ಲಿ ನನ್ನ ತಲೆ ಓಡುತ್ತಿದ್ದದ್ದು ಅಲಂಕಾರದ ಕಡೆಗೇ. ಎರಡೂ ಹಲಗೆ ಸಿಕ್ಕರೆ ಎಣ್ಣೆ ಹಚ್ಚಿ ಒರೆಸಿ, ಟಿವಿ ಪಕ್ಕದ ಶೆಲ್ಫಿನಲ್ಲಿ ನಿಲ್ಲಿಸಿದರೆ ಎಷ್ಟು ಚೆನ್ನ! ಮೊಳೆಯೂ ಬೇಡ.

ಮನೆಗೆ ಬಂದು ಒಪ್ಪಿಕೊಂಡೆ. ಅತ್ತೆ ಕೆಂಡವಾದರು. "ಯಾರು ನಿನ್ನ ಓಗು ಅಂದೋರು? ನನ್ನ ಡಬ್ಬಿ ಮುಟ್ಟು ಅಂದೋರ್ಯಾರು?" ಎಂದು ಮುಖ ಊದಿಸಿಕೊಂಡು ಹಿತ್ತಿಲಿಗೆ ಹೋದರು. ನನಗೆ ಭಯವಾಯಿತು. ಇಷ್ಟು ವರ್ಷ ನನ್ನನ್ನು ಮಗಳಂತೆ ನೋಡಿಕೊಂಡವರು, ನನ್ನ ಕುತೂಹಲಕ್ಕೆ ಅದನ್ನೂ ಕಳೆದುಕೊಂಡೆನೇನೋ ಎಂದು ಅಳು ಬಂತು. ಎರಡೂ ಅರ್ಧಗಳನ್ನು ಅಡುಗೆಮನೆ ಕಟ್ಟೆಯ ಮೇಲೆ ತಟ್ಟೆಯಲ್ಲಿಟ್ಟು ಸುಮ್ಮನೆ ಈಚೆಗೆ ಬಂದೆ.

ದೀಪ ಹಚ್ಚುವ ಹೊತ್ತಿಗೆ ಇಣುಕಿ ನೋಡಿದೆ. ಅತ್ತೆ ಕಟ್ಟೆಗೆ ಒರಗಿ ನಿಂತಿದ್ದರು. ಬೆರಳನ್ನು ನೀರಿಗದ್ದಿ ಎರಡರ ಬೋಳು ಬೆನ್ನನ್ನೂ ಒದ್ದೆ ಮಾಡಿ, ಒತ್ತಿ ಹಿಡಿದುಕೊಂಡಿದ್ದರು. ಎಷ್ಟು ಹೊತ್ತು ಹಿಡಿದಿದ್ದರೋ. ಬಿಟ್ಟಾಗ ಗೊಂಬೆ ತಟ್ಟೆಯಲ್ಲಿ ನಿಂತಿತು, ಸ್ವಲ್ಪ ಸೊಟ್ಟಗೆ. ಅತ್ತೆ ಅದರ ಮುಖವನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವರು ಸೀರೆ ಉಟ್ಟು ಸಿದ್ಧರಾಗಿದ್ದರು. ಆ ಒಂಟಿ ಹಲಗೆಯನ್ನು ಹಳೇ ಟವೆಲಿನಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡಿದ್ದರು.

"ಅರಕಲಗೂಡಿನ ಬಸ್ಸು ಎಷ್ಟೊತ್ಗವ್ವ?"

"ಅದರ ಜೊತೆದನ್ನೂ ಇಸ್ಕೊಂಡು ಬರ್ತೀರಾ, ಅತ್ತೆ?" ಶೆಲ್ಫಿನ ಆಸೆ ನನಗಿನ್ನೂ ಹೋಗಿರಲಿಲ್ಲ.

"ಇಸ್ಕಳಕ್ಕಲ್ಲ, ಕೊಡಕ್ಕೆ," ಅಂದರು ಅತ್ತೆ, ಚಪ್ಪಲಿ ಮೆಟ್ಟುತ್ತಾ. "ಮುಖ ಅವ್ಳತ್ರ ಐತೆ. ಇಪ್ಪತ್ತು ವರ್ಸ ನಾನು ಬರೀ ಬೆನ್ನು ನೋಡಿದ್ದಾಯ್ತು."

ರಜೆ ಚೀಟಿ ಬರೆದಿಟ್ಟು ನಾನೂ ಹೊರಟೆ. ಬಸ್ಸಿನಲ್ಲಿ ಅತ್ತೆ ಆ ಚೀಲವನ್ನು ತೊಡೆಯ ಮೇಲೂ ಇಡಲಿಲ್ಲ, ನನ್ನ ಕೈಗೂ ಕೊಡಲಿಲ್ಲ. ಅರಕಲಗೂಡು ಬರುವವರೆಗೂ ಸೊಂಟಕ್ಕೆ ಆನಿಸಿಕೊಂಡೇ ಕೂತಿದ್ದರು.