ಡಬ್ಬಿಗೆ ಸಿಗದೆ ಹೋದದ್ದು

ಮೊನ್ನೆ ಮಹಡಿ ಮನೆಯವರು ನಲ್ಲಿ ತಿರುಗಿಸಿಟ್ಟು ಮರೆತಿದ್ದರು. ನೀರು ಮೆಟ್ಟಿಲಿಳಿದು ನಮ್ಮ ಅಡುಗೆಮನೆಯ ಹಿಂಬಾಗಿಲವರೆಗೂ ಬಂದು ನಿಂತಿತ್ತು. ಒರೆಸೋಣವೆಂದು ಬಗ್ಗಿದಾಗ ಒಂದು ವಾಸನೆ ಬಂತು. ಒಣಗಿದ ಹೊಸ ಮಡಕೆಗೆ ಮೊದಲ ಸಲ ನೀರು ಹಾಕಿದಾಗ ಬರುತ್ತದಲ್ಲ, ಹಾಗೆ. ಬಾಗಿಲು ಬಡಿದುಕೊಳ್ಳದಿರಲಿ ಎಂದು ಅಡ್ಡ ಇಟ್ಟಿರುವ ಕಪ್ಪು ಕಲ್ಲು ನೆನೆದಿತ್ತು. ಉದ್ದಕ್ಕೆ ಸೀಳಿದ ಸೌತೆಕಾಯಿಯ ಆಕಾರ ಅದರದು. ಒಂದು ಮೈ ದುಂಡು, ಇನ್ನೊಂದು ಗರಗಸ ಆಡಿಸಿದ ಹಾಗೆ ಚಪ್ಪಟೆ. ಎಷ್ಟೋ ವರ್ಷದಿಂದ ಅದನ್ನು ಕಾಲಿನಲ್ಲೇ ಸರಿಸಿ ಓಡಾಡುತ್ತಿದ್ದೇನೆ. ಅದು ವಾಸನೆ ಕೊಟ್ಟಾಗ ಮಾತ್ರ ನೆಲದ ಮೇಲೇ ಕೂತುಬಿಟ್ಟೆ...

ಅದನ್ನು ಕೊಟ್ಟವಳು ಇದೇ ಮಹಡಿಯಲ್ಲಿ ಬಾಡಿಗೆಗಿದ್ದವಳು. ನನಗಿಂತ ಚಿಕ್ಕವಳು, ಭದ್ರಾವತಿಯ ಹುಡುಗಿ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರಂತೆ. ಕ್ವಾರ್ಟರ್ಸ್ ಹಿಂದೆ ಬಿದ್ದಿರುತ್ತಿದ್ದ ಅದಿರಿನ ಚೂರು ಆರಿಸುತ್ತಾ ಆರಿಸುತ್ತಾ ಭೂವಿಜ್ಞಾನ ಓದಿದೆ ಎನ್ನುತ್ತಿದ್ದಳು. ಗಂಡನಿಗೆ ಮಾಚೇನಹಳ್ಳಿಯ ಫೌಂಡ್ರಿಯೊಂದರಲ್ಲಿ ಕೆಲಸ. ಇವಳಿಗೆ ಗುಜರಾತಿನ ಕಡೆ, ಭೂಮಿ ಕೊರೆದು ಗ್ಯಾಸ್ ಹುಡುಕುವ ಜಾಗದಲ್ಲಿ. ಕೆಲವು ವಾರ ಅಲ್ಲಿ, ಕೆಲವು ವಾರ ಇಲ್ಲಿ. ಅವಳಿಲ್ಲದಾಗ ಗಂಡನೇ ಅಡುಗೆ ಮಾಡಿಕೊಂಡು, ಬುತ್ತಿ ಕಟ್ಟಿಕೊಂಡು ಬೈಕ್ ಹತ್ತುತ್ತಿದ್ದರು. ಶಿವಮೊಗ್ಗದ ನಮ್ಮ ಹೊಸಮನೆ ಬಡಾವಣೆಯ ಬೀದಿಗೆ ಇದು ಜೀರ್ಣವಾಗಲಿಲ್ಲ.

"ಗಂಡನಿಗೆ ಒಲೆ, ಹೆಂಡ್ತಿಗೆ ಬೋರ್‌ವೆಲ್ಲು. ಚೆನ್ನಾಗಿದೆ ಬಿಡು ನಿಮ್ಮ ಸಂಸಾರ" ಎಂದು ಎದುರುಮನೆಯ ಅಜ್ಜಿ ಗೇಟಿನ ಹತ್ತಿರವೇ ನಿಂತು ಅಂದಿದ್ದರು.

"ನಾನೂ ಒಲೆಗೆ ಬೇಕಾಗಿದ್ದನ್ನೇ ಹುಡುಕೋದು ಅಜ್ಜಿ" ಎಂದು ಇವಳು ನಗುತ್ತಾ ಬ್ಯಾಗು ಎತ್ತಿಕೊಂಡು ಆಟೋ ಹತ್ತಿದ್ದಳು.

ಅವಳ ಕೆಲಸ ಏನೆಂದು ನನಗೆ ಅರ್ಥವಾದದ್ದು ತಾರಸಿಯ ಮೇಲೆ, ಹಪ್ಪಳ ಒಣಗಿಸುವಾಗ. ಒಣಗಿದ ಹಪ್ಪಳಗಳನ್ನು ಒಂದರ ಮೇಲೊಂದು ಪೇರಿಸಿ ಅಂಗೈಯಿಂದ ಒತ್ತಿ ತೋರಿಸಿದಳು. ಶೇಲ್ ಅಂದರೆ ಇದೇ ಅಕ್ಕ, ಪದರಗಲ್ಲು ಎಂದಳು. ಒಂದು ಕಾಲದಲ್ಲಿ ನಿಂತ ನೀರಿನ ತಳದ ಕೆಸರು. ಪಾಚಿ, ಹುಳ, ಸತ್ತದ್ದೆಲ್ಲ ಅದರೊಳಗೆ ಕೂತು, ಮೇಲೆ ಮತ್ತೆ ಕೆಸರು ಬಿದ್ದು, ಆಳಕ್ಕೆ ಇಳಿದು, ಭೂಮಿಯ ಬಿಸಿಗೆ ಬೆಂದು, ಕೊನೆಗೆ ಗ್ಯಾಸ್ ಆಗುತ್ತದಂತೆ. ಮರಳುಗಲ್ಲಾದರೆ ಮಂಡಕ್ಕಿ ಚೀಲದ ಹಾಗೆ, ನಡುವೆ ಬೇಕಾದಷ್ಟು ಸಂದು. ಅದರೊಳಗಿನ ಗ್ಯಾಸ್ ದಾರಿ ಸಿಕ್ಕರೆ ಸಲೀಸಾಗಿ ಹರಿದು ಬರುತ್ತದೆ. ಶೇಲ್ ಹಾಗಲ್ಲ. ತನ್ನಲ್ಲೇ ಹುಟ್ಟಿದ್ದನ್ನು ತನ್ನಲ್ಲೇ ಹಿಡಿದುಕೊಂಡಿರುತ್ತದೆ. ಅದರ ರಂಧ್ರಗಳು ಕಣ್ಣಿಗೆ ಕಾಣುವಂಥವಲ್ಲ. ಜೋರಾಗಿ ನೀರು ನುಗ್ಗಿಸಿ ಬಿರುಕು ಬಿಡಿಸಬೇಕು, ಬಿರುಕು ಮತ್ತೆ ಮುಚ್ಚಿಕೊಳ್ಳದ ಹಾಗೆ ಮರಳು ತುಂಬಬೇಕು.

"ಬಾಗಿಲಿಗೆ ಕಲ್ಲು ಅಡ್ಡ ಇಟ್ಟ ಹಾಗೆ" ಎಂದೆ.

"ಪರವಾಗಿಲ್ಲವೇ! ನಾಳೆಯಿಂದ ನೀವೇ ಹೋಗಿ ಅಕ್ಕ, ನಾನು ಹಪ್ಪಳ ಕಾಯ್ತೀನಿ."

"ಹಾಗಾದ್ರೆ ನಮ್ಮ ಶಿವಮೊಗ್ಗದ ಕೆಳಗೆ ಗ್ಯಾಸ್ ಇಲ್ವೇನೇ?"

"ನಮ್ಮೂರಿನ ಕಲ್ಲು ಬೆಂದಿದ್ದು ಜಾಸ್ತಿ ಆಯ್ತು. ಸೀದು ತಳ ಹಿಡಿದಿದೆ. ಅದರಲ್ಲಿ ಏನಾದರೂ ಇದ್ದಿದ್ದರೂ ಯಾವತ್ತೋ ಹೋಯ್ತು."

ಅಲ್ಲಿ ಅವಳ ಪಾಲಿನ ಕೆಲಸ ಡಬ್ಬಿಗಳದು. ಆಳದಿಂದ ಕೊರೆದು ತೆಗೆದ ಕಲ್ಲಿನ ಕಂಬ ಮೇಲೆ ಬಂದ ತಕ್ಷಣ ಒಂದು ತುಂಡನ್ನು ಗಾಳಿಯಾಡದ ಡಬ್ಬಿಗೆ ಹಾಕಿ ಬಿಗಿಯಬೇಕು. ಭೂಮಿಯೊಳಗೆ ಎಷ್ಟು ಬಿಸಿ ಇತ್ತೋ ಅಷ್ಟೇ ಬಿಸಿಯ ನೀರಿನಲ್ಲಿ ಡಬ್ಬಿಯನ್ನು ಇಡಬೇಕು. ಕಲ್ಲು ನಿಧಾನವಾಗಿ ಗ್ಯಾಸ್ ಬಿಡುತ್ತದೆ. ಎಷ್ಟು ಬಿಟ್ಟಿತೆಂದು ಅಳೆಯುತ್ತಾ ಕೂರಬೇಕು. ಕಲ್ಲು ಮೇಲೆ ಬಂದಾಗ ಮಾತ್ರ ಯಾರು ಕರೆದರೂ ಓಗೊಡುವ ಹಾಗಿಲ್ಲ.

ಆ ದಿನವೂ ಹಾಗೇ ಆಗಿತ್ತೆಂದು ನನಗೆ ಆಮೇಲೆ ಗೊತ್ತಾಯಿತು.

ಅವಳ ಗಂಡನಿಗೆ ಅವತ್ತು ವಾರದ ರಜೆ. ಮಧ್ಯಾಹ್ನ ಊಟ ಮುಗಿಸಿ ಪಾತ್ರೆ ಜೋಡಿಸುತ್ತಿದ್ದೆ. ಮೇಲೆ ನಲ್ಲಿಯ ನೀರು ಸುರಿಯುವ ಸದ್ದು ನಿಲ್ಲುತ್ತಲೇ ಇಲ್ಲ. ಮರೆತು ಮಲಗಿರಬೇಕು ಎಂದುಕೊಂಡೆ. ಮೆಟ್ಟಿಲ ಮೇಲೆ ನೀರು ಇಳಿದು ಬಂದಾಗ ಹತ್ತಿ ಹೋದೆ. ಬಾಗಿಲು ಓರೆಯಾಗಿತ್ತು. ಅಡುಗೆಮನೆಯಲ್ಲಿ, ನೀರಿನಲ್ಲಿ, ಗೋಡೆಗೆ ತಲೆ ಕೊಟ್ಟು ಬಿದ್ದಿದ್ದರು. ನಮ್ಮವರನ್ನು ಕೂಗಿ, ಆಟೋ ತರಿಸಿ ಆಸ್ಪತ್ರೆಗೆ ಒಯ್ದೆವು. ಹೃದಯ ನಿಂತು ಆಗಲೇ ಹೊತ್ತಾಗಿದೆ ಎಂದರು ಡಾಕ್ಟರು. ಅವಳು ಬಂದು ತಲುಪಿದ್ದು ಮರುದಿನ.

ಅದಾದ ಮೇಲೆ ಬಹಳ ದಿನ ಅವಳು ಆ ಕೆಲಸಕ್ಕೆ ಹೋಗಲಿಲ್ಲ. ಭದ್ರಾವತಿಯ ಕಾಲೇಜೊಂದರಲ್ಲಿ ಪಾಠ ಹೇಳುವುದಕ್ಕೆ ಸೇರಿದಳು. ಸಂಜೆ ಬಸ್ಸಿಳಿದು ಬಂದವಳು ಮೇಲಕ್ಕೆ ಹೋಗದೆ ನಮ್ಮ ಹಿಂಬಾಗಿಲ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ನಾನು ಕಾಫಿ ಕೊಡುವುದು, ಅವಳು ಕೇಳುವುದು. ಮುಖ ಹೇಗಿತ್ತು ಅಕ್ಕ? ಹುಬ್ಬು ಗಂಟಿಕ್ಕಿತ್ತಾ? ಬೆಳಿಗ್ಗೆ ನೋಡಿದಿರಾ? ಮಾತಾಡಿದ್ರಾ? ಕೇಳಿದ್ದನ್ನೇ ಕೇಳುತ್ತಿದ್ದಳು. ಯಾಕೆಂದು ಒಂದು ದಿನ ಅವಳೇ ಹೇಳಿದಳು.

"ಅವತ್ತು ಬೆಳಿಗ್ಗೆ ಫೋನಲ್ಲಿ ಜಗಳ ಆಡಿದ್ವಿ ಅಕ್ಕ. ಸಾಕು, ಬಿಟ್ಟು ಬಾ ಅಂದ್ರು. ನಾನೂ ಬಾಯಿಗೆ ಬಂದಿದ್ದು ಅಂದೆ. ಅಷ್ಟರಲ್ಲಿ ಕಲ್ಲು ಮೇಲೆ ಬಂತು. ಅವರು ಇನ್ನೂ ಮಾತಾಡ್ತಿದ್ರು, ಕಟ್ ಮಾಡಿಬಿಟ್ಟೆ. ಆಮೇಲೆ ಮಾಡೋಣ ಅಂತ..."

ಅವಳಿಗೆ ಬೇಕಾಗಿದ್ದದ್ದು ಇಷ್ಟೇ. ಆ ಕೋಪದಲ್ಲೇ ಹೋದರಾ, ಇಲ್ಲವಾ?

ಒಂದು ಬೆಳಿಗ್ಗೆ ನಾನು ಬಾಗಿಲಿಗೆ ರಂಗೋಲಿ ಇಡುತ್ತಿದ್ದೆ. ಕಾಲೇಜಿಗೆ ಹೊರಟವಳು ನಿಂತು, ನನ್ನ ಬಟ್ಟಲಿನಿಂದ ಒಂದು ಚಿಟಿಕೆ ತೆಗೆದುಕೊಂಡು ಪಕ್ಕದಲ್ಲಿ ಚುಕ್ಕೆ ಇಡತೊಡಗಿದಳು. ಮೊದಮೊದಲು ದಡದಡ ಮೇಲೇರುವ ಚುಕ್ಕೆಗಳು, ಆಮೇಲೆ ಬಾಗಿ ಮಲಗುವ ಚುಕ್ಕೆಗಳು. ಡಬ್ಬಿಯೊಳಗಿನ ಕಲ್ಲು ಗ್ಯಾಸ್ ಬಿಡುವ ರೀತಿ ಇದು ಎಂದಳು.

"ಆದ್ರೆ ಮೊದಲನೇ ಚುಕ್ಕೆಗೂ ಮುಂಚೆನೇ ಒಂದಷ್ಟು ಹೋಗಿರತ್ತೆ ಅಕ್ಕ. ಕಲ್ಲು ಮೇಲೆ ಬರೋವಾಗ, ದಾರಿಯಲ್ಲೇ. ಅದು ಯಾರ ಡಬ್ಬಿಗೂ ಸಿಗಲ್ಲ."

"ಮತ್ತೆ ಲೆಕ್ಕ?"

"ಸಿಕ್ಕಿದ ಚುಕ್ಕೆಗಳನ್ನ ನೋಡ್ಕೊಂಡು ಹಿಂದಕ್ಕೆ ಗೆರೆ ಎಳೀಬೇಕು. ಹೀಗಿತ್ತೇನೋ ಅಂತ." ಗೆರೆ ಎಳೆದಳು. ಅದು ನನ್ನ ರಂಗೋಲಿಯನ್ನೂ ದಾಟಿ ಹೊಸ್ತಿಲಿಗೆ ಬಂದು ನಿಂತಿತು. "ಅದಕ್ಕೇ ನಿಮ್ಮನ್ನ ಪೀಡಿಸೋದು. ನನ್ನ ಹತ್ರ ಚುಕ್ಕೆಗಳೇ ಇಲ್ಲ."

ನೆನಪು ಎಲ್ಲಿ ಅಡಗಿರುತ್ತದೋ. ಎಷ್ಟೋ ತಿಂಗಳಾದ ಮೇಲೆ ಒಂದು ಭಾನುವಾರ ಇಬ್ಬರೂ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದೆವು. ಗಾಂಧಿ ಬಜಾರ್‌ನಿಂದ ತಂದ ಬೆಳ್ಳುಳ್ಳಿ, ಸಿಪ್ಪೆ ಬಿಡಲೊಲ್ಲದು. ನನ್ನ ಕೈ ಹಾಗೇ ನಿಂತಿತು. ತೀರಿಹೋದ ದಿನ ಬೆಳಿಗ್ಗೆ ಅವಳ ಗಂಡ ಕೆಳಗೆ ಬಂದಿದ್ದರು! ಒಂದು ಗಡ್ಡೆ ಬೆಳ್ಳುಳ್ಳಿ ಇದ್ದರೆ ಕೊಡಿ ಅಕ್ಕ ಎಂದು ಕೇಳಿದ್ದರು. ಬೆಳ್ಳುಳ್ಳಿಯ ವಾಸನೆಗೇ ಮೂಗು ಮುಚ್ಚುವ ಮನುಷ್ಯ. ನಿಮಗ್ಯಾಕೆ ಮಾರಾಯರೇ ಇದು ಎಂದು ನಾನು ನಕ್ಕಿದ್ದೆ. "ತಿನ್ನೋರು ನಾಡಿದ್ದು ಬರ್ತಾರಲ್ಲ, ಚಟ್ನಿಪುಡಿ ಮಾಡಿಡ್ತೀನಿ" ಎಂದಿದ್ದರು. ಸಂಜೆ ಆ ಮನೆ ತೊಳೆಯುವಾಗ ತಟ್ಟೆಯಲ್ಲಿ ಬಿಡಿಸಿಟ್ಟ ಎಸಳುಗಳನ್ನು ನಾನೇ ಬಳಿದು ಹಾಕಿದ್ದೆ. ದಿನಬೆಳಗಾದರೆ ಯಾರೋ ಒಬ್ಬರು ಏನೋ ಕೇಳಿಕೊಂಡು ಬರುವ ಮನೆ ನಮ್ಮದು. ಆ ಗದ್ದಲದ ದಿನ ಇದು ತಳಕ್ಕೆ ಹೋಗಿಬಿಟ್ಟಿತ್ತು.

ಹೇಳಿದೆ. ಅವಳು ಮಡಿಲಲ್ಲಿದ್ದ ಸಿಪ್ಪೆಯನ್ನು ಕೊಡವಲೂ ಇಲ್ಲ.

"ಎಷ್ಟೊತ್ತಿಗೆ ಅಕ್ಕ? ನನ್ನ ಫೋನ್ ಹತ್ತೂವರೆಗೆ."

ಅವರು ಬಂದಾಗ ನಾನು ಸೊಪ್ಪು ಬಿಡಿಸುತ್ತಿದ್ದೆ, ಅದು ನೆನಪಿದೆ. ಆದರೆ ಸೊಪ್ಪಿನವಳು ಕೆಲವು ದಿನ ಒಂಬತ್ತಕ್ಕೇ ಬರುತ್ತಾಳೆ, ಕೆಲವು ದಿನ ಹನ್ನೊಂದಾದರೂ ಇಲ್ಲ. ಹನ್ನೊಂದು, ಅಂದರೆ ಜಗಳ ಆದ ಮೇಲೆ, ಎಂದುಬಿಟ್ಟರೆ ಅವಳ ಎದೆಯ ಭಾರ ಇಳಿಯುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಕಣ್ಣಿಗೆ ಕಂಡದ್ದನ್ನು ಬಿಟ್ಟು ಒಂದು ಅಂಕಿಯನ್ನೂ ಬರೆಯದವಳಿಗೆ ಇಲ್ಲದ ಚುಕ್ಕೆಯನ್ನು ಹೇಗೆ ಇಟ್ಟುಕೊಡಲಿ?

"ಗೊತ್ತಿಲ್ಲ ಕಣೇ" ಎಂದೆ.

ಅವಳು ಅತ್ತಳು, ನಾನು ನೋಡಿದ ಹಾಗೆ ಮೊದಲ ಸಲ. ಅಳುತ್ತಲೇ ಅಂದಳು: "ಪರವಾಗಿಲ್ಲ ಅಕ್ಕ. ಇದನ್ನ ಗೊತ್ತಿಲ್ಲ ಅಂದ್ರಲ್ಲ, ಅದಕ್ಕೇ ಬೆಳ್ಳುಳ್ಳಿ ಮಾತು ನಂಬ್ತೀನಿ."

ಮುಂದಿನ ಬೇಸಿಗೆಗೆ ಅವಳು ಮತ್ತೆ ಡಬ್ಬಿಗಳ ಕೆಲಸಕ್ಕೆ ಹೊರಟಳು, ಇನ್ನೂ ದೂರಕ್ಕೆ. ಹೊರಡುವ ದಿನ, ಕೊರೆದು ತೆಗೆದ ಕಂಬದ್ದೇ ಒಂದು ಸೀಳಾದ ಈ ಕಲ್ಲನ್ನು ಬಾಗಿಲಿಗೆ ಒರಗಿಸಿಟ್ಟು, "ನೀರು ಮಾತ್ರ ತಾಗಿಸಬೇಡಿ, ಪದರ ಬಿಡತ್ತೆ" ಎಂದಳು. ಹಬ್ಬಕ್ಕೆ ಫೋನ್ ಬರುತ್ತಿತ್ತು. ಎರಡು ಹಬ್ಬಕ್ಕೊಮ್ಮೆ ಆಯಿತು. ಈಗ ಆ ನಂಬರು ಚಾಲ್ತಿಯಲ್ಲಿಲ್ಲ ಎನ್ನುತ್ತದೆ. ಎಲ್ಲಿದ್ದಾಳೋ, ಹೇಗಿದ್ದಾಳೋ... ಹೇಳುವವರು ಯಾರೂ ಇಲ್ಲ. ಬಂದಷ್ಟು ಫೋನುಗಳನ್ನು ಹಿಡಿದುಕೊಂಡು ನಾನು ಈಗ ಮುಂದಕ್ಕೆ ಗೆರೆ ಎಳೆಯುತ್ತೇನೆ.

ಮೊನ್ನೆ ನೀರಿನ ಸದ್ದು ನಿಲ್ಲದಿದ್ದಾಗ ನಾನು ಮೊದಲು ನೆಲ ಒರೆಸಲಿಲ್ಲ. ಮಂಡಿನೋವು ಮರೆತು ಮೇಲಕ್ಕೆ ಓಡಿದ್ದೆ. ಬಾಗಿಲು ಬಡಿದ ಅಬ್ಬರಕ್ಕೆ ಹೊಸ ಬಾಡಿಗೆಯ ಹುಡುಗಿ ತಲೆಗೆ ಟವೆಲ್ ಸುತ್ತಿಕೊಂಡೇ ಬಂದು, "ಅಯ್ಯೋ ಆಂಟಿ, ಸಾರಿ ಸಾರಿ, ನಲ್ಲಿ ಮರೆತೇಬಿಟ್ಟೆ" ಎಂದಳು. ಅವಳನ್ನೇ ನೋಡುತ್ತಾ ನಿಂತೆ. "ಬೈಯಲ್ವಾ ಆಂಟಿ?" ಎಂದಳು. ಇಲ್ಲವೆಂದು ತಲೆಯಾಡಿಸಿ ಇಳಿದು ಬಂದೆ.

ಕಲ್ಲಿನಿಂದ ಒಂದು ಪದರ ಎದ್ದು ಬಂದಿತ್ತು, ಹಪ್ಪಳದಷ್ಟು ತೆಳ್ಳಗೆ. ಎಸೆಯಲು ಮನಸ್ಸಾಗಲಿಲ್ಲ. ತಾರಸಿಗೆ ಒಯ್ದು, ಒಣಗಲು ಹಾಕಿದ್ದ ಹಪ್ಪಳದ ಬಟ್ಟೆಯ ಅಂಚಿನಲ್ಲಿಟ್ಟೆ. ಇಡುವ ಮೊದಲು ಇನ್ನೊಮ್ಮೆ ಮೂಸಿ ನೋಡಿದೆ. ಒಣಗಿದ ಮೇಲೆ ಆ ವಾಸನೆ ಇರುವುದಿಲ್ಲ.