ಅತ್ತೆಯ ನಾಲಿಗೆ, ಅಂಗಡಿಯ ಜೋಳ

ಎರಡು ವರ್ಷ ಜೋಪಾನ ಮಾಡಿದ್ದ ನನ್ನ ಸುಳ್ಳೊಂದು ಹೋದ ಭಾನುವಾರ ಬಯಲಾಯಿತು. ಬಯಲು ಮಾಡಿದ್ದು ನನ್ನದೇ ಐಡಿಯಾ. ಅದಕ್ಕೇ ಹೊಟ್ಟೆ ಉರಿ!

ನನ್ನ ಏಳು ವರ್ಷದ ಮಗಳು ಪಿಂಕಿಗೆ ಹುಳಿಸೊಪ್ಪಿನ ಪುಂಡಿಪಲ್ಯ ಎಂದರೆ ಆಗದು. ಕಂಡ ಕೂಡಲೇ ಮುಖ ಸಿಂಡರಿಸುತ್ತಾಳೆ. ಕಾಣದಿದ್ದರೆ? ಮೊಬೈಲಿನಲ್ಲಿ ನೋಡಿದ ಆಟವೊಂದನ್ನು ಶುರು ಮಾಡಿದೆ. ಕಣ್ಣಿಗೆ ಟವೆಲ್ ಕಟ್ಟುವುದು, ಬಾಯಿಗೊಂದು ಚೂರು ಇಡುವುದು, ಏನೆಂದು ಕೇಳುವುದು. ಸರಿಯಾಗಿ ಹೇಳಿದವರು ಬೇಡಿದ್ದನ್ನು ನಾನು ಮಾಡಿಕೊಡಬೇಕು. (ಈ ರೂಲ್ ಮಾಡಿದ ನನ್ನ ಬುದ್ಧಿಗೆ ಏನು ಹೇಳಲಿ!)

ಬೆಲ್ಲ, ಅಗಸಿ ಹಿಂಡಿಯ ಚಟ್ನಿಪುಡಿ, ಹುಣಸೆಹಣ್ಣು ಆಯಿತು. ಪುಂಡಿಪಲ್ಯವನ್ನು ಚಪ್ಪರಿಸಿ ತಿಂದ ಪಿಂಕಿ, "ಇನ್ನೊಂದ್ ತುತ್ತು ಹಾಕು ಮಮ್ಮಿ" ಎಂದಳು. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಕಟ್ಟೆಯ ಮೇಲಿದ್ದ ಅತ್ತೆ ಬಾಯಿ ಹಾಕಿದರು.

"ಇದೇನ್ ದೊಡ್ಡ ಮಾತು? ನಮ್ಮ ಹೊಲದ ಜ್ವಾಳದ ರೊಟ್ಟಿ ನಾಲಿಗಿ ಮ್ಯಾಲ ಇಟ್ರ ಸಾಕು, ಗುರ್ತ ಹಿಡೀತೀನಿ."

ನಾನು ರೊಟ್ಟಿ ಬುಟ್ಟಿಯನ್ನು ಹಿಂದಕ್ಕೆ ಸರಿಸಿದೆ.

ವಿಷಯ ಇಷ್ಟೇ. ಶಹಾಪುರದ ಹತ್ತಿರದ ನಮ್ಮ ಹೊಲಕ್ಕೆ ಕಾಲುವೆ ನೀರು ಬಂದ ಮೇಲೆ ಎಲ್ಲಾ ಭತ್ತ. ಮೇಲಿನ ಪಟ್ಟಿಯಲ್ಲಷ್ಟೇ ಅತ್ತೆಗಾಗಿ ಜೋಳ ಉಳಿದಿತ್ತು. ಎರಡು ವರ್ಷದ ಹಿಂದೆ ನನ್ನ ಗಂಡ ಅಲ್ಲೂ ಹತ್ತಿ ಹಾಕಿದರು. ಮೊಣಕಾಲು ನೋವಿನ ಅತ್ತೆ ಹೊಲಕ್ಕೆ ಹೋಗುವುದಿಲ್ಲ. ಹೇಳಿದರೆ ನೊಂದುಕೊಳ್ಳುತ್ತಾರೆಂದು ನಾನು ಅಂಗಡಿಯ ಜೋಳ ತಂದು ಮನೆಯ ಹಳೇ ಚೀಲಕ್ಕೆ ಸುರಿಯುತ್ತಿದ್ದೆ. ಕೇಳಿದರೆ, "ನಮ್ಮ ಹೊಲದ್ದ ಐತ್ರಿ ಅತ್ತಿ" ಎನ್ನುತ್ತಿದ್ದೆ.

ಪಿಂಕಿ ಪಕ್ಕದ ಮನೆಗೆ ಓಡಿಹೋಗಿ ಒಂದು ರೊಟ್ಟಿ ತಂದಳು. ನಮ್ಮದೊಂದು, ಅವರದೊಂದು. (ಅವರೂ ಜೋಳ ತರುವುದು ಅದೇ ಅಂಗಡಿಯಲ್ಲಿ.) ಅತ್ತೆಯ ಕಣ್ಣಿಗೆ ಟವೆಲ್ ಬಿತ್ತು.

ಮೊದಲ ಚೂರು ಅಗಿದರು. ನೀರು ಕುಡಿದರು. ಎರಡನೆಯದನ್ನೂ ಅಗಿದರು.

"ಎರಡೂ ಒಂದೇ ಅಂಗಡೀವು."

"ಅಜ್ಜಿ ಔಟ್! ಒಂದು ನಮ್ಮ ಹೊಲದ್ದೈತಿ!" ಪಿಂಕಿ ಕುಣಿದಳು.

ಅತ್ತೆ ಟವೆಲ್ ಬಿಚ್ಚಲಿಲ್ಲ. ನಾನು ಬಾಯಿ ಬಿಡದಿದ್ದರೆ ಬಚಾವ್. ಆದರೆ ಎಪ್ಪತ್ತು ವರ್ಷ ಜೋಳ ಉಂಡ ನಾಲಿಗೆಯನ್ನು ಮೊಮ್ಮಗಳ ಮುಂದೆ ಸುಳ್ಳು ಮಾಡುವುದೇ? ನನಗೇ ನಾಚಿಕೆಯಾಯಿತು.

"ಅಜ್ಜಿ ಗೆದ್ದಾರವ್ವಾ. ಎರಡೂ ಅಂಗಡೀವೇ" ಎಂದೆ.

ಅತ್ತೆ ಟವೆಲ್ ಬಿಚ್ಚಿ ನಕ್ಕರು. "ಮೊದಲ್ನೇ ದಿನಾನ ಗೊತ್ತಾಗಿತ್ತು ನನಗ."

"ಮತ್ತ ಎರಡ್ ವರ್ಷ ಯಾಕ ಸುಮ್ಮನಿದ್ರಿ ಅತ್ತಿ?"

"ಬಾಯಿ ಬಿಟ್ಟಿದ್ರ ಸುಳ್ಳಿನ ಜೋಡಿ ರೊಟ್ಟಿನೂ ಬಿಡ್ತಿದ್ದಿ. ದಿನಾ ಅನ್ನ ಹಾಕ್ತಿದ್ದಿ!"

ಪಿಂಕಿ ರೂಲ್ ನೆನಪಿಸಿದಳು. ಗೆದ್ದ ಅತ್ತೆ ಹೋಳಿಗೆ ಕೇಳಬಹುದಿತ್ತು. ಕೇಳಲಿಲ್ಲ. "ಈ ಹಿಂಗಾರಿಗೆ ಮ್ಯಾಲಿನ ಪಟ್ಟ್ಯಾಗ ಜ್ವಾಳ ಬಿತ್ತಸು. ಅದರ ರೊಟ್ಟಿ ಮಾಡಿ ಹಾಕು" ಎಂದರು.

ಇನ್ನು ಹತ್ತಿ ಬಿಡಲು ಗಂಡನನ್ನು ಒಪ್ಪಿಸಬೇಕು. ಕಣ್ಣು ಕಟ್ಟಿ, ಬಾಯಿಗೊಂದು ಚೂರು ಹತ್ತಿ ಇಟ್ಟು, ರುಚಿ ಹೇಗಿದೆ ಎಂದು ಕೇಳಲೇ?