ಮುಖಪುಟಕ್ಕೆ ಬೇಕಾದ ಹುಡುಗಿ

ನಿಪ್ಪಾಣಿಯ ಆ ಸಭೆಯಲ್ಲಿ ಕಾಲೇಜು ಹುಡುಗ ಹುಡುಗಿಯರಿಗೆ ಮೊದಲು ಹಂಚಿದ್ದು ಹಳದಿ ಟೋಪಿ. ಮುಂದೆ ಮತ್ತೊಂದು ಸಾಂಕ್ರಾಮಿಕ ಪಿಡುಗು ಬಂದರೆ ತಾಲ್ಲೂಕಿನಲ್ಲಿ ಏನೇನು ಮಾಡಬೇಕು ಎಂಬ ಯೋಜನೆಯನ್ನು ಯುವಜನರ ಜೊತೆ ಕೂತು ಬರೆಯಿರಿ ಎಂದು ಮೇಲಿನಿಂದ ಆದೇಶ ಬಂದಿತ್ತಂತೆ. ಅದಕ್ಕೆಂದು ಮಾಡಿದ ಸಮಿತಿಯ ಸಾಹೇಬರು ಹುಡುಗರನ್ನು ಹಿಂದಿನ ಎರಡು ಸಾಲುಗಳಲ್ಲಿ ಕೂರಿಸಿ, ಟೋಪಿ ಹಾಕಿಸಿ, ಫೋಟೋ ತೆಗೆಸಿದರು. ಅಲ್ಲಿಗೆ ಅವರ ಮಟ್ಟಿಗೆ ಯುವಜನರ ಪಾಲ್ಗೊಳ್ಳುವಿಕೆ ಮುಗಿದಿತ್ತು. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಇದೆ. ಹಾಗೆ ಹಾಕುವವರಾದರೂ ವಾಸಿ, ಬಾಗಿಲನ್ನಾದರೂ ಮುಟ್ಟುತ್ತಾರೆ.

ನಾನು ನಿವೃತ್ತ ಕನ್ನಡ ಮೇಷ್ಟ್ರು. ಯೋಜನೆಯ ಕನ್ನಡ ತಿದ್ದಿಕೊಡಿ ಎಂದು ಕರೆದಿದ್ದರು, ಶಾಲು ಹೊದಿಸುತ್ತಾರೆಂಬ ಆಸೆಗೆ ಹೋಗಿದ್ದೆ. ಕೈಗೆ ಕೊಟ್ಟ ಕರಡನ್ನು ಯಾವುದೋ ಕರಾವಳಿ ಜಿಲ್ಲೆಯದರಿಂದ ಅನಾಮತ್ತಾಗಿ ಇಳಿಸಿಕೊಂಡಿದ್ದರು. ‘ಪಿಡುಗಿನ ಸಮಯದಲ್ಲಿ ಕಡಲಿಗಿಳಿದ ಮೀನುಗಾರರ ದೋಣಿಗಳನ್ನು ದಡಕ್ಕೆ ಕರೆಸಿಕೊಳ್ಳುವುದು’ ಎಂದಿತ್ತು. ನಿಪ್ಪಾಣಿಯಲ್ಲಿ ಕಡಲು! ಸಾಹೇಬರಿಗೆ ತೋರಿಸಿದೆ.

“ಕಡಲು ತಗದು ಕೃಷ್ಣಾ ನದಿ ಅಂತ ಹಾಕ್ರಿ ಮಾಸ್ತರ. ಅದಕ್ಯಾಕ ಅಷ್ಟ ತಲಿ ಕೆಡಿಸ್ಕೋತೀರಿ?” ಎಂದರು.

ಕೃಷ್ಣೆ ಹರಿಯುವುದು ಯಡೂರಿನ ಕಡೆ, ಪಕ್ಕದ ತಾಲ್ಲೂಕಿನಲ್ಲಿ. ಆದರೂ ಹಾಕಿದೆ.

ಭಾಷಣಗಳೆಲ್ಲ ಮುಗಿದು ಚಹಾ, ಚುರುಮುರಿ ಬರುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಕೊಗನೊಳ್ಳಿಯವಳು, ಬಿ.ಎ. ಎರಡನೆಯ ವರ್ಷ. ತಂದೆ ಸಂತೆಗಳಲ್ಲಿ ಬಳೆ ಮಾರುತ್ತಾರೆ. ಟೋಪಿಯನ್ನು ತೆಗೆದು ಕುರ್ಚಿಯ ಮೇಲಿಟ್ಟು ಮೈಕ್ ಕೇಳಿದಳು.

“ನಮ್ಮ ಅಮ್ಮೀದು ಕಿಡ್ನಿ ಕೆಟ್ಟಾವ್ರಿ. ವಾರಕ್ಕ ಎರಡ ಸಲ ಕೊಲ್ಲಾಪುರಕ್ಕ ಡಯಾಲಿಸಿಸ್‌ಗೆ ಹೋಗ್ತಾಳ್ರಿ. ಹೋದ ಸಲ ಲಾಕ್‌ಡೌನ್‌ನ್ಯಾಗ ಗಡಿ ಗೇಟ್ ಬಂದ್ ಆತ್ರಿ. ಈ ಕಡಿಯವ್ರು ಬಿಟ್ರ ಆ ಕಡಿಯವ್ರು ಬಿಡಲಿಲ್ರಿ. ಎರಡ ಪಾಳಿ ತಪ್ಪಿ ಮೈಯೆಲ್ಲಾ ಬಾತು, ಸಾಯೂದೊಂದ ಬಾಕಿ ಇತ್ರಿ. ಇಂಥವರ ಹೆಸರು ಮೊದಲ ಬರದು ಎರಡೂ ಕಡಿ ಕೊಟ್ಟಿಟ್ರ, ಗೇಟ್ ಬಂದ್ ಆದ್ರೂ ಅವರನ್ನ ಬಿಡಬೇಕು. ಇಷ್ಟ ಒಂದ ಸಾಲು ಬರೀರಿ.”

ಬರಿಯ ಮಾತಾಡಿ ಕೂರಲಿಲ್ಲ. ತಾನೂ ಇಬ್ಬರು ಗೆಳತಿಯರೂ ಸುತ್ತಲ ಹಳ್ಳಿಗಳಲ್ಲಿ ಮನೆ ಮನೆ ತಿರುಗಿ ಬರೆದುಕೊಂಡ ಪಟ್ಟಿಯನ್ನು ತಂದು ಮೇಜಿನ ಮೇಲಿಟ್ಟಳು. ಯಾರಿಗೆ ಯಾವ ಕಾಯಿಲೆ, ಗಡಿಯಾಚೆ ಯಾವ ಆಸ್ಪತ್ರೆ, ವಾರದಲ್ಲಿ ಯಾವ ದಿನ, ಎಲ್ಲವೂ ಇತ್ತು. ಹಾಳೆಯ ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಮರಾಠಿ. ಜೀವಮಾನವಿಡೀ ಸುತ್ತೋಲೆ ಓದಿದವನು ನಾನು, ಅಷ್ಟು ಉಪಯೋಗದ ಒಂದು ಹಾಳೆಯನ್ನು ಕಂಡಿರಲಿಲ್ಲ. ಅವಳು ಹೇಳಿದ ಸಾಲನ್ನು ಅಲ್ಲೇ ಕರಡಿನ ಅಂಚಿನಲ್ಲಿ ಬರೆದುಕೊಂಡೆ.

“ಶಬ್ಬಾಶ್! ಇಂಥಾ ಯುವಶಕ್ತಿ ಬೇಕ್ರಿ ನಮಗ!” ಎಂದು ಸಾಹೇಬರು ಚಪ್ಪಾಳೆ ತಟ್ಟಿದರು. ಅವಳು ಮೈಕ್ ಹಿಡಿದ ಫೋಟೋ ಚೆನ್ನಾಗಿ ಬಂದಿದೆಯೇ ಎಂದು ಫೋಟೋದವನನ್ನು ಎರಡು ಸಲ ಕೇಳಿದರು. ಪಟ್ಟಿಯ ಮೇಲೆ ಯಾರೋ ಚಹಾದ ಕಪ್ಪು ಇಟ್ಟರು.

ಎಲ್ಲರೂ ಹೋದ ಮೇಲೆ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದರು.

“ಆ ಹುಡುಗೀ ಸಾಲು ಬ್ಯಾಡ್ರಿ. ಗಡಿ ಅಂದ್ರ ನಮ್ಮ ಕಡಿ ಬೆಂಕಿ. ಆ ಕಡಿಯವರ ಜೋಡಿ ಪತ್ರಾ ಬರಕೋತ ಯಾರ ಕುಂಡ್ರತಾರ? ‘ಯುವಜನರ ಸಲಹೆಗಳನ್ನು ಪರಿಗಣಿಸಲಾಗುವುದು’ ಅಂತ ಛಂದಂಗ ಒಂದ ಮಾತು ಸೇರಸ್ರಿ.”

ಮೂರ್ಖ ಎಂದು ಮನಸ್ಸಿನಲ್ಲೇ ಬೈದೆ. ಮನಸ್ಸಿನಲ್ಲಿ ಬೈಯುವುದರಲ್ಲಿ ನನ್ನನ್ನು ಮೀರಿಸುವವರು ಈ ಸೀಮೆಯಲ್ಲಿಲ್ಲ. ಆಮೇಲೆ ಪೆನ್ನು ತೆಗೆದು ಅವಳ ಸಾಲಿನ ಮೇಲೆ ಗೆರೆ ಎಳೆದು, ಅವರು ಹೇಳಿದ ಮಾತನ್ನು ಬರೆದೆ. ‘ಗಂಭೀರವಾಗಿ’ ಎಂಬುದನ್ನು ನಾನೇ ಸೇರಿಸಿದೆ, ವಾಕ್ಯಕ್ಕೆ ಒಂದು ತೂಕ ಬಂತು ಎಂದು ಸಂತೋಷವೂ ಆಯಿತು. ಶಾಲು ಹೊದಿಸಿದರು, ಬಾಗಿ ಹೊದ್ದುಕೊಂಡೆ.

ಯೋಜನೆಯ ಪುಸ್ತಕ ಅಚ್ಚಾಗಿ ಬಂತು. ಒಂದು ಸಂಜೆ ಆ ಹುಡುಗಿ ಅದನ್ನು ಹಿಡಿದುಕೊಂಡು ನನ್ನ ಮನೆಗೆ ಬಂದಳು. ಮುಖಪುಟದ ತುಂಬ ಅವಳೇ ಇದ್ದಳು, ಮೈಕ್ ಹಿಡಿದು, ಮೇಲೆ ದೊಡ್ಡ ಅಕ್ಷರಗಳಲ್ಲಿ ಯುವಜನರ ಯೋಜನೆ ಎಂದು.

“ಸರ್, ಎರಡ ಸಲ ಓದಿದ್ನಿರಿ. ನಾ ಹೇಳಿದ್ದ ಸಾಲು ಯಾವ ಪುಟದಾಗ ಐತ್ರಿ?”

ಸಾಹೇಬರ ಹೆಸರು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ನಾನೇ ಹೊಡೆದುಹಾಕಿದೆ ಎಂದು ಒಪ್ಪಿಕೊಳ್ಳಲೂಬಹುದಿತ್ತು. ಎರಡಕ್ಕೂ ಧೈರ್ಯ ಸಾಲದೆ, ಮುಂದಿನ ಮುದ್ರಣದಲ್ಲಿ ಸೇರಿಸುತ್ತಾರಮ್ಮ ಎಂದೆ. ಅಂಥ ಪುಸ್ತಕಕ್ಕೆ ಎರಡನೆಯ ಮುದ್ರಣ ಇರುವುದಿಲ್ಲವೆಂದು ನನಗೆ ಗೊತ್ತಿತ್ತು.

ಅವಳು ಪುಸ್ತಕ ಮುಚ್ಚಿ ತನ್ನದೇ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿದಳು.

“ಹಂಗಾರ ಗೇಟ್ ಬಂದ್ ಆದ ದಿನ ಈ ಫೋಟೋ ತೋರಿಸಿದ್ರ ಅಮ್ಮೀನ ಬಿಡತಾರೇನ್ರಿ, ಸರ್?”

ಅವಳು ಅಣಕಿಸಿ ಕೇಳಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು.